ತಾಯಿ ಇಲ್ಲ

ತಾನು ತೀರಿಕೊಂಡಿರುವ ವಿಷಯ ಕಾಂತಿಗೆ ತಿಳಿದದ್ದು ಬೆಳ್ತಂಗಡಿಯಲ್ಲಿ, ಔಷಧದಂಗಡಿಯ ಮೇಲಿನ ವಕೀಲರ ಕೋಣೆಯಲ್ಲಿ. ತಿಳಿಸಿದವರು ವಕೀಲೆ ಜಸೀಲಾ. ಫೋನಿನಲ್ಲಿ ಯಾರೋ ಹೇಳಿದ್ದನ್ನು ತುಂಬ ಹೊತ್ತು ‘ಹಾಂ, ಹಾಂ’ ಎಂದು ಕೇಳಿಸಿಕೊಂಡು, ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟು, ಅವರು ಕಾಂತಿಯ ಮುಖ ನೋಡಿದರು.

“ಒಂದು ತೊಂದರೆ ಉಂಟು ಕಾಂತಿಯವರೇ. ನೀವು ಸತ್ತಿದ್ದೀರಿ.”

ಕಾಂತಿ ಹೌದೆನ್ನುವ ಹಾಗೆ ತಲೆಯಾಡಿಸಿದಳು.

“ಹಾಗೆ ತಲೆ ಆಡಿಸ್ಬೇಡಿ ಮಾರಾಯ್ರೆ, ನನಗೆ ಹೆದರಿಕೆ ಆಗ್ತದೆ. ಮಕ್ಕಳ ಕಲ್ಯಾಣ ಸಮಿತಿಯವರ ಪ್ರಕಾರ ಮಗುವಿನ ತಾಯಿ ತೀರಿಹೋಗಿದ್ದಾರೆ. ತಂದೆ ಕೆಲಸಕ್ಕೆ ಹೋದವರು ಎಲ್ಲಿದ್ದಾರೆ ಗೊತ್ತಿಲ್ಲ. ಅವರನ್ನು ಹುಡುಕ್ತಾ ಇದ್ದಾರಂತೆ.”

“ನಿತೇಶನನ್ನಾ?”

“ಹೌದು. ಪೇಪರಿಗೂ ಕೊಟ್ಟಿದ್ದಾರಂತೆ.”

ನಿತೇಶ್ ಕಾಂತಿಯ ಗಂಡ. ರಬ್ಬರ್ ನರ್ಸರಿಯೊಂದರ ಪಿಕಪ್ ಓಡಿಸುತ್ತಿದ್ದ. ಎರಡು ಮಳೆಗಾಲಗಳ ಹಿಂದೆ ಜ್ವರವೆಂದು ಮಲಗಿದ. ಇಲಿಜ್ವರ ಎಂದು ಗೊತ್ತಾಗುವಷ್ಟರಲ್ಲಿ ಮೂತ್ರಪಿಂಡ ಕೈಕೊಟ್ಟಿತ್ತು. ವಾರ ತುಂಬುವ ಮೊದಲೇ ಹೋಗಿಬಿಟ್ಟ. ಅಂದಿನಿಂದ ಕಾಂತಿಯ ಒಳಗೆ ಏನೋ ನಿಂತುಹೋಗಿತ್ತು. ನೋವು ಕೂಡ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ: ಇದೆಯೆಂದು ಗೊತ್ತು, ಮುಟ್ಟಿದರೆ ಬೇರೆ ಯಾರದೋ ಅನಿಸುತ್ತದೆ. ಊಟಕ್ಕೆ ಉಪ್ಪು ಬಿದ್ದಿಲ್ಲವೆಂದು ಪಕ್ಕದವರು ಹೇಳಿದರೆ ತಿಳಿಯುತ್ತಿತ್ತು.

ಕೊಣಾಜೆಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದ್ದರಿಂದ ಮೂಡುಬಿದಿರೆಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಮಗಳು ವಿಸ್ಮಿತಾಳನ್ನು ಪುಂಜಾಲಕಟ್ಟೆಯ ಗಂಡನ ಮನೆಯಲ್ಲಿ, ಅತ್ತೆ ಪೂವಮ್ಮನ ಹತ್ತಿರ ಬಿಟ್ಟು, ಅವಳು ಲೇಡೀಸ್ ಹಾಸ್ಟೆಲ್ ಸೇರಿದಳು. ಮೊದಮೊದಲು ಪ್ರತಿ ಆದಿತ್ಯವಾರ ಹೋಗುತ್ತಿದ್ದಳು. ಆಮೇಲೆ ಒಂದು ವಾರ ಬಿಟ್ಟು ಒಂದು ವಾರ. ಪರೀಕ್ಷೆ, ಪೇಪರ್ ತಿದ್ದುವ ಕೆಲಸ ಎಂದು ಕೊನೆಗೆ ಅದೂ ತಪ್ಪಿತು. ನಡುವೆ ಒಮ್ಮೆ ಮೈದುನ ಶೋಧನ್ ಫೋನ್ ಮಾಡಿದ್ದ. ಫೋನು ಮೇಜಿನ ಮೇಲೆ ನಡುಗಿ ನಡುಗಿ ಸುಮ್ಮನಾದದ್ದನ್ನು ಅವಳು ನೋಡುತ್ತ ಕೂತಿದ್ದಳು. ತಿರುಗಿ ಮಾಡಲಿಲ್ಲ.

ಆ ದಿನಗಳಲ್ಲೇ ಎಲ್ಲ ನಡೆದದ್ದು. ಪೂವಮ್ಮ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಗಳೂರಿನ ಆಸ್ಪತ್ರೆ ಸೇರಿದರು. ಶೋಧನ್ ಬೆಳಕು ಹರಿಯುವ ಮೊದಲೇ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುವವನು. ಒಳಗೆ ನಿದ್ದೆಮಾಡುತ್ತಿದ್ದ ಮಗುವನ್ನು ಬಿಟ್ಟು, ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದ. ಒಂದು ಬೆಳಿಗ್ಗೆ ಹಸಿವಾಗಿ ಮಗು ತಾನೇ ಗಂಜಿ ಬಿಸಿಮಾಡಲು ಹೋಗಿ ಕೈ ಸುಟ್ಟುಕೊಂಡಿತು. ಬೊಬ್ಬೆ ಹೊಡೆದರೂ ಬಾಗಿಲು ತೆಗೆಯುವವರಿಲ್ಲ. ಶಾಲೆಗೆ ಹೊಸದಾಗಿ ಬಂದಿದ್ದ ಟೀಚರ್ ಸುಟ್ಟ ಕೈ ನೋಡಿ, ವಿಷಯ ಕೇಳಿ, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಜೀಪು ಬಂತು. ಒಂದನೇ ಕ್ಲಾಸಿನ ವಿಸ್ಮಿತಾ ಬ್ಯಾಗಿನ ಸಮೇತ ಹೋದಳು.

ಇದೆಲ್ಲ ಕಾಂತಿಗೆ ಗೊತ್ತಾದದ್ದು ಕಳೆದ ಆದಿತ್ಯವಾರ, ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದಾಗ, ಜ್ಯೂಸಿನ ಅಂಗಡಿಯವನ ಬಾಯಿಂದ. ಮನೆಗೆ ಬೀಗ ಬಿದ್ದಿತ್ತು. ಮರುದಿನ ಅವಳು ಬೆಳ್ತಂಗಡಿಯ ಕೋರ್ಟಿಗೆ ಹೋಗಿ ವಿಚಾರಿಸಿದಳು. ಉಚಿತ ಕಾನೂನು ನೆರವು ಎಂದು ಅಲ್ಲಿಯವರು ಜಸೀಲಾರ ಹತ್ತಿರ ಕಳಿಸಿದರು.

“ಈಗ ಸರಿಯಾಗಿ ಕೇಳಿ,” ಎಂದರು ಜಸೀಲಾ. “ಮಗುವಿನ ಜೊತೆ ವಾಸ ಇರ್ಲಿಲ್ಲ ಅಂತ ತಾಯಿಯ ಹಕ್ಕು ಹೋಗುವುದಿಲ್ಲ. ಗಂಡ ಇಲ್ಲದ ಮೇಲೆ ಕಾನೂನಿನಲ್ಲಿ ಅದಕ್ಕೆ ನೀವೇ ಪಾಲಕರು. ನಿಮ್ಮನ್ನು ಕರೆದು ಕೇಳದೆ ಮಗುವಿನ ಬಗ್ಗೆ ಅವರು ಕಡೆಯ ತೀರ್ಮಾನ ಮಾಡುವ ಹಾಗಿಲ್ಲ. ಆದ್ರೆ ಏನು ಮಾಡುವುದು, ಸತ್ತವರಿಗೆ ಯಾರೂ ನೋಟಿಸ್ ಕಳಿಸುವುದಿಲ್ಲ.”

“ನಿತೇಶ್ ಸಿಗದಿದ್ದರೆ?”

“ಹುಡುಕ್ಲಿಕ್ಕೆ ಒಂದು ಅವಧಿ ಉಂಟು. ಅದು ಮುಗಿದ್ರೆ, ಮಗುವಿಗೆ ಯಾರೂ ಇಲ್ಲ, ದತ್ತು ಕೊಡಬಹುದು ಅಂತ ಬರೀತಾರೆ. ಬರೆದಾದ ಮೇಲೆ ನೀವು ಜೀವ ತಗೊಂಡು ಬಂದ್ರೂ ಪ್ರಯೋಜನ ಇಲ್ಲ.”

“ನಾನು ಇಲ್ಲ ಅಂತ ಯಾರು ಹೇಳಿದ್ದು?”

ಜಸೀಲಾ ಕವುಚಿಟ್ಟ ಫೋನನ್ನು ಅತ್ತ ಸರಿಸಿದರು. “ನಿಮ್ಮ ಮೈದುನ ‘ತಾಯಿ ಇಲ್ಲ’ ಅಂದಿದ್ದಾನೆ. ಮತ್ತೆ… ಮಗುವೇ ಹೇಳಿದ್ದಂತೆ. ಮಕ್ಕಳ ಹತ್ತಿರ ಮಾತಾಡುವ ಮೇಡಂ ಒಬ್ಬರು ಇದ್ದಾರೆ. ಅವರು ಎರಡು ಸಲ ಕೇಳಿದ್ದಾರೆ. ಎರಡು ಸಲವೂ ಮಗು ಅದೇ ಹೇಳಿದೆಯಂತೆ.”

ಕಿಟಕಿಯ ಕೆಳಗೆ ಬಸ್ಸೊಂದು ಹಾರನ್ ಹೊಡೆಯುತ್ತ ನಿಂತಿತ್ತು. ಕಾಂತಿ ಅದನ್ನು ಕೇಳಿದಳು. ಮಗು ಹೇಳಿದ್ದು ಸರಿಯೇ ಇರಬಹುದು ಅನಿಸಿತು. ಮಕ್ಕಳಿಗೆ ಇಂಥದ್ದು ಬೇಗ ಗೊತ್ತಾಗುತ್ತದೆ.

“ಮಗು ಈಗ ಎಲ್ಲಿದೆ?”

“ತೋಡಾರಿನಲ್ಲಿ. ಒಂದು ಹೆಣ್ಣುಮಕ್ಕಳ ವಸತಿಮನೆ ಉಂಟು, ಅಲ್ಲಿ.”

ತೋಡಾರು ಮೂಡುಬಿದಿರೆಯ ಪಕ್ಕದ ಊರು, ಮಂಗಳೂರು ರಸ್ತೆಯಲ್ಲಿ. ಮಂಗಳೂರಿಗೆ ಹೋಗುವಾಗೆಲ್ಲ ಕಾಂತಿಯ ಬಸ್ಸು ಅದೇ ದಾರಿಯಾಗಿ ಹೋಗುತ್ತಿತ್ತು. ಇಷ್ಟು ಕಾಲದಲ್ಲಿ ಮಗಳು ಅವಳಿಗೆ ಇಷ್ಟು ಹತ್ತಿರ ಇದ್ದದ್ದೇ ಇಲ್ಲ.

“ಹೋಗಿ ನೋಡ್ಲಿಕ್ಕೆ ಬಿಡುವುದಿಲ್ಲ, ಸಮಿತಿಯ ಆರ್ಡರ್ ಬೇಕು,” ಎಂದರು ಜಸೀಲಾ. “ಬರುವ ವಾರ ಸಮಿತಿ ಬಿ.ಸಿ. ರೋಡಿನಲ್ಲಿ ಕೂರ್ತದೆ. ನಾನು ಅರ್ಜಿ ಹಾಕ್ತೇನೆ. ನೀವು ಬದುಕಿದ್ದೀರಿ ಅಂತ ಮೊದಲು ತೋರಿಸುವ. ಅದು ಸುಲಭ, ಆಧಾರ್ ಕಾರ್ಡ್ ಸಾಕು. ಮಗುವನ್ನು ನಿಮಗೆ ಯಾಕೆ ಕೊಡಬೇಕು ಅನ್ನುವುದು ಕಷ್ಟ. ಹಕ್ಕು ಉಂಟು ಅಂತ ಕೈಗೆ ಕೊಟ್ಟು ಕಳಿಸುವುದಿಲ್ಲ ಅವರು. ಎಲ್ಲಿದ್ರಿ ಕೇಳ್ತಾರೆ, ಎಲ್ಲಿ ಇಟ್ಕೊಳ್ತೀರಿ ಕೇಳ್ತಾರೆ. ಹಾಸ್ಟೆಲಿನಲ್ಲಿ ಮಗು ಇಟ್ಕೊಳ್ಳಿಕ್ಕೆ ಬಿಡ್ತಾರಾ?”

“ಇಲ್ಲ.”

“ಹಾಗಾದ್ರೆ ಒಂದು ರೂಮು ನೋಡಿ. ಮತ್ತೆ… ಸಮಿತಿಯ ಎದುರು ಸ್ವಲ್ಪ ಅತ್ತರೆ ಒಳ್ಳೆದು.”

“ನನಗೆ ಬರುವುದಿಲ್ಲ.”

“ಪ್ರಯತ್ನ ಮಾಡಿ ನೋಡಿ. ಬೇಕಾದ್ರೆ ಈರುಳ್ಳಿ ನಾನು ತರ್ತೇನೆ.”

ಜಸೀಲಾ ನಕ್ಕರು. ಜೊತೆಗೆ ನಗುವವರಿಲ್ಲದೆ ಆ ನಗು ಅಲ್ಲೇ ನಿಂತಿತು.

ಪೂವಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆಂದು ತಿಳಿದು, ಕಾಂತಿ ಮತ್ತೆ ಪುಂಜಾಲಕಟ್ಟೆಗೆ ಹೋದಳು. ಶೋಧನ್ ಜಗಲಿಯಲ್ಲಿ ಕೂತು ಟ್ಯಾಪಿಂಗ್ ಚೂರಿ ಮಸೆಯುತ್ತಿದ್ದ. ಅವಳನ್ನು ಕಂಡು ಏಳಲೂ ಇಲ್ಲ, ಕೂರಿ ಅನ್ನಲೂ ಇಲ್ಲ.

“ಓಹೋ, ಅತ್ತಿಗೆ. ದಾರಿ ನೆನಪುಂಟಾ?”

“ನಾನು ಸತ್ತಿದ್ದೇನೆ ಅಂತ ಹೇಳಿದೆಯಂತೆ.”

“ಸತ್ತಿದ್ದೀರಿ ಅಂತ ನಾನು ಯಾವಾಗ ಹೇಳಿದೆ?” ಅವನು ಚೂರಿ ಕೆಳಗಿಟ್ಟ. “ಅವರು ಬಂದು ತಾಯಿ ಎಲ್ಲಿ ಅಂತ ಕೇಳಿದ್ರು. ತಾಯಿ ಇಲ್ಲ ಅಂದೆ. ಅಣ್ಣನ ವಿಷಯ ಅವರು ಕೇಳ್ಲೇ ಇಲ್ಲ. ಇದ್ರಾ ನೀವು ಇಲ್ಲಿ? ಇರ್ಲಿಲ್ಲ. ಇಲ್ಲದವರನ್ನು ಇಲ್ಲ ಅನ್ನದೆ ಮತ್ತೇನು ಅನ್ನುವುದು?”

“ಮೂಡುಬಿದಿರೆಯಲ್ಲಿದ್ದಾಳೆ ಅನ್ನಬಹುದಿತ್ತು.”

“ಫೋನ್ ಮಾಡಿದ್ದೆ ಅಲ್ವಾ? ತೆಗೆದ್ರಾ? ಅಮ್ಮ ಆಸ್ಪತ್ರೆಯಲ್ಲಿ, ಮಗು ಮನೆಯಲ್ಲಿ, ನಾನು ತೋಟದಲ್ಲಿ. ನಾಯಿ ಉಂಟು, ಹಾವು ಉಂಟು, ಬೀಗ ಹಾಕದೆ ಹೋಗ್ಲಾ? ಈಗ ಊರಿಡೀ ನನ್ನನ್ನು ಕಂಸ ಅಂತಾರೆ. ನಿಮ್ಮನ್ನು ಯಾರೂ ಏನೂ ಅನ್ನುವುದಿಲ್ಲ. ನೀವು ಓದಿದವರಲ್ವಾ?”

ಕಾಂತಿಗೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ.

ಒಳಗೆ ಪೂವಮ್ಮ ಮಂಚದ ಮೇಲೆ ಅಂಗಾತ ಮಲಗಿದ್ದರು. ಸೊಸೆಯನ್ನು ಕಂಡು ಮುಖ ಆಚೆ ತಿರುಗಿಸಿದರು. ತಿರುಗಿಸಲು ಆಗುತ್ತಿದ್ದದ್ದು ಮುಖ ಮಾತ್ರ.

“ಮಗ ಹೋದಾಗಲೂ ನಿನ್ನ ಕಣ್ಣಿಂದ ಒಂದು ತೊಟ್ಟು ನೀರು ಬರ್ಲಿಲ್ಲ,” ಎಂದರು ಗೋಡೆಗೆ. “ಕಲ್ಲು ಅಂದ್ಕೊಂಡೆ. ಆದ್ರೂ ಮಗುವಿನ ಹತ್ತಿರ ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡ್ಲಿಲ್ಲ ನಾನು. ದಿನಾ ಸಂಜೆ ಕೇಳ್ತಿತ್ತು. ಕೆಲಸಕ್ಕೆ ಹೋಗಿದ್ದಾಳೆ, ಬರ್ತಾಳೆ ಅಂತಿದ್ದೆ. ದಿನಾ ಅದನ್ನೇ ಹೇಳಿ ಹೇಳಿ ನನಗೇ ಬೇಜಾರಾಯ್ತು.”

“ನಾಡಿದ್ದು ಸಮಿತಿಯವರ ಹತ್ತಿರ ಹೋಗ್ತೇನೆ ಅತ್ತೆ.”

“ಹೋಗು. ಕರ್ಕೊಂಡು ಬಾ. ನನಗಿನ್ನು ಎತ್ತಿ ಆಡಿಸ್ಲಿಕ್ಕೆ ಆಗುವುದಿಲ್ಲ, ನಿನ್ನ ಹತ್ತಿರವೇ ಇರ್ಲಿ.” ಮುಖ ಈಚೆ ತಿರುಗಿಸಿ, “ಅದಕ್ಕೆ ಗಂಜಿಗೆ ಉಪ್ಪಿನಕಾಯಿ ಬೇಡ, ಬೆಲ್ಲ ಬೇಕು. ನಿನಗೆ ಗೊತ್ತುಂಟಾ ಇಲ್ವಾ?” ಎಂದರು.

ಕಾಂತಿಗೆ ಗೊತ್ತಿರಲಿಲ್ಲ.

ರೂಮು ಸಿಕ್ಕಿದ್ದು ತೋಡಾರಿನಲ್ಲೇ. ಬೇರೆಲ್ಲೂ ಹುಡುಕುವ ಮನಸ್ಸು ಅವಳಿಗೆ ಬರಲಿಲ್ಲ. ಮಸೀದಿಯ ಹಿಂದಿನ ಓಣಿಯಲ್ಲಿ ಸಫಿಯಮ್ಮ ಎಂಬ ಮುದುಕಿಯ ಮನೆ. ಮಕ್ಕಳೆಲ್ಲ ಗಲ್ಫಿನಲ್ಲಿ, ಹಿಂದಿನ ಎರಡು ಕೋಣೆ ಖಾಲಿ. ಸಫಿಯಮ್ಮ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತು, ಕಾಂತಿಯನ್ನು ಮೇಲಿಂದ ಕೆಳಗೆ ನೋಡಿದರು.

“ಯಾರೆಲ್ಲ ಇರುವುದು?”

“ನಾನು, ಮಗಳು.”

“ಗಂಡ?”

“ಇಲ್ಲ.”

“ಇಲ್ಲ ಅಂದ್ರೆ? ಗಲ್ಫಿನಲ್ಲಾ, ಮೇಲೆಯಾ?”

ಕಾಂತಿ ಅವರ ಮುಖ ನೋಡಿದಳು. ಹೀಗೆ ಬಿಡಿಸಿ ಕೇಳಿದವರು ಇವರೇ ಮೊದಲು. “ಮೇಲೆ,” ಎಂದಳು.

“ನಮ್ಮವರೂ ಮೇಲೆಯೇ,” ಎಂದರು ಸಫಿಯಮ್ಮ. “ಮೊದಲು ಗಲ್ಫಿನಲ್ಲಿದ್ರು. ಆಗಲೂ ಇಲ್ಲ ಅಂತಿದ್ದೆ, ಈಗಲೂ ಇಲ್ಲ ಅಂತೇನೆ. ಬಾಯಿಗೆ ಅಭ್ಯಾಸ ಆಗಿದೆ. ಬಾ ಮಗಳೇ, ಒಳಗೆ ನೋಡು. ಮೀನು ತಿಂತೀರಿ ಅಲ್ವಾ? ತಿನ್ನದವರಿಗೆ ಕೊಟ್ರೆ ವಾಸನೆ ಅಂತ ದಿನಾ ಜಗಳ.”

ಹಿಂದಿನ ಕೋಣೆಯ ಕಿಟಕಿ ತೆರೆದರೆ ಗದ್ದೆಯ ಆಚೆ ವಸತಿಮನೆಯ ಹಳದಿ ಗೋಡೆ ಕಾಣುತ್ತಿತ್ತು. ಸಂಜೆ ಅಲ್ಲಿ ಹುಡುಗಿಯರು ಒಟ್ಟಾಗಿ ಮಗ್ಗಿ ಹೇಳುತ್ತಿದ್ದರು. ಕಾಂತಿ ಕಿಟಕಿಯ ಸರಳು ಹಿಡಿದು ಕೇಳಿದಳು. ಅಷ್ಟು ಸ್ವರಗಳಲ್ಲಿ ವಿಸ್ಮಿತಾಳದ್ದು ಯಾವುದೆಂದು ತಿಳಿಯಲಿಲ್ಲ. ಪ್ರಯತ್ನ ಮಾಡಿದಳು, ತಿಳಿಯಲಿಲ್ಲ. ಮಗ್ಗಿ ಮುಗಿದ ಮೇಲೂ ಅಲ್ಲೇ ನಿಂತಿದ್ದಳು.

ಬಿ.ಸಿ. ರೋಡಿನಲ್ಲಿ ಸಮಿತಿ ಕೂತದ್ದು ಒಂದು ಸರ್ಕಾರಿ ಕಟ್ಟಡದ ಮೇಲಿನ ಹಾಲಿನಲ್ಲಿ. ಹೊರಗಿನ ಬೆಂಚಿನ ಮೇಲೆ ಕಾಯುವವರ ಸಾಲು. ಕೆಳಗೆ ಹೈವೇಯ ಗದ್ದಲ. ಜಸೀಲಾ ಬಂದವರೇ ಕಾಂತಿಯ ಕಿವಿಯಲ್ಲಿ, “ಈರುಳ್ಳಿ ಮರೆತೆ. ನೀವೇ ಹೇಗಾದ್ರೂ ಮಾಡಿ,” ಎಂದರು.

ಒಳಗೆ ಮೇಜಿನ ಹಿಂದೆ ನಾಲ್ವರಿದ್ದರು. ನಡುವೆ ಅಧ್ಯಕ್ಷೆ, ಬಂಟ್ವಾಳದ ಕಡೆಯ ನಿವೃತ್ತ ಹೆಡ್‌ಮಿಸ್ಟ್ರೆಸ್. ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. ಬದಿಯ ಕುರ್ಚಿಯಲ್ಲಿ ಮಕ್ಕಳ ಜೊತೆ ಮಾತಾಡುವ ಮೇಡಂ, ಬಿರಾದಾರ ಎಂದು ಹೆಸರು, ವಿಜಯಪುರದವರು. ಕೆಲಸಕ್ಕೆ ಸೇರಿ ಘಟ್ಟ ಇಳಿದು ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

ಜಸೀಲಾ ಎದ್ದು ನಿಂತರು. “ಮೇಡಂ, ಇವರು ಕಾಂತಿ. ವಿಸ್ಮಿತಾಳ ತಾಯಿ.”

“ತಾಯಿ ತೀರಿಹೋಗಿದ್ದಾರೆ ಅಂತ ಉಂಟಲ್ಲ ಇಲ್ಲಿ?”

“ಉಂಟು. ಆದ್ರೆ ಇಷ್ಟು ಹೊತ್ತು ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ರು.”

ಆಧಾರ್ ಕಾರ್ಡ್, ಮಗುವಿನ ಜನನ ಪತ್ರ, ನಿತೇಶನ ಮರಣ ಪತ್ರ ಮೇಜಿನ ಮೇಲೆ ಒಂದೊಂದಾಗಿ ಹೋದವು. ಅಧ್ಯಕ್ಷೆ ನೋಡಿದರು, ಪಕ್ಕದವರಿಗೆ ದಾಟಿಸಿದರು. ಆಮೇಲೆ ಬಿರಾದಾರ ಮೇಡಂ ಕಡೆ ತಿರುಗಿದರು.

“ಏನಿದು? ಸತ್ತದ್ದು ತಂದೆ. ನೀವು ತಾಯಿ ಅಂದಿದ್ದೀರಿ.”

ಬಿರಾದಾರ ಮೇಡಂ ಮುಖ ಕೆಂಪಾಯಿತು. “ಮೇಡಂ, ಕೂಸು ನನ್ನ ಮುಂದೇ ಹೇಳೇತ್ರಿ. ಅವ್ವ ಎಲ್ಲಿ, ಅಪ್ಪ ಎಲ್ಲಿ ಅಂತ ನಾ ಎರಡ್ ಸಲ ಕೇಳೀನಿ. ಮೊದಲ ಅದು ಸಾಯೋ ವಿಚಾರ, ತಪ್ಪು ಆಗಬಾರ್ದು ಅಂತ. ಎರಡೂ ಸಲ ಹಂಗೇ ಹೇಳ್ತು.”

“ಮಗು ಯಾವ ಭಾಷೆಯಲ್ಲಿ ಹೇಳಿದ್ದು?”

“ತುಳುನ್ಯಾಗ್ರಿ. ಆದ್ರ ಸಣ್ಣ ಮಾತು, ತಿಳಿದೇ ಇರೋಹಂಗೇನಿಲ್ರಿ.”

“ಅದರ ಬಾಯಲ್ಲಿ ಬಂದ ಹಾಗೆಯೇ ಹೇಳಿ ನೋಡುವ.”

ಬಿರಾದಾರ ಮೇಡಂ ನೆನಪಿಸಿಕೊಂಡು, ಒಂದೊಂದೇ ಶಬ್ದವನ್ನು ಜೋಪಾನವಾಗಿ ಇಟ್ಟರು. “ಅಮ್ಮೆ ಸೈತೆರ್. ಅಪ್ಪೆ ಬೇಲೆಗ್ ಪೋತೆರ್.”

ಮೊದಲು ನಕ್ಕವಳು ಚಹಾ ತಂದ ಹೆಂಗಸು. ತಟ್ಟೆ ಹಿಡಿದುಕೊಂಡೇ ಬಾಗಿಲಿನಲ್ಲಿ ಬಾಗಿ ನಕ್ಕಳು. ಆಮೇಲೆ ಮೇಜಿನ ಹಿಂದಿನವರು. ಜಸೀಲಾ ಹಣೆಗೆ ಕೈ ಹೊಡೆದುಕೊಂಡು, “ಯಾ ಅಲ್ಲಾ, ನನಗಾದ್ರೂ ಹೊಳೀಬಾರದಿತ್ತಾ!” ಎಂದರು.

“ಬಿರಾದಾರರೇ,” ಎಂದರು ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, “ತುಳುವಿನಲ್ಲಿ ಅಮ್ಮೆ ಅಂದ್ರೆ ಅಪ್ಪ. ಅಪ್ಪೆ ಅಂದ್ರೆ ಅಮ್ಮ.”

“ಏನಂದ್ರಿ?”

“ನಮ್ಮಲ್ಲಿ ಹಾಗೇ. ತಿರುಗಾಮುರುಗಾ. ಘಟ್ಟದ ಮೇಲಿನಿಂದ ಬಂದವರೆಲ್ಲ ಒಂದಲ್ಲ ಒಂದು ಸಲ ಇದರಲ್ಲಿ ಬಿದ್ದವರೇ. ಈಗಿನ ಮಕ್ಕಳು ಪಪ್ಪ, ಮಮ್ಮಿ ಅನ್ನುವುದರಿಂದ ಬಚಾವು. ಮಗು ಹೇಳಿದ್ದು, ತಂದೆ ಸತ್ತಿದ್ದಾರೆ, ತಾಯಿ ಕೆಲಸಕ್ಕೆ ಹೋಗಿದ್ದಾರೆ ಅಂತ.”

ಬಿರಾದಾರ ಮೇಡಂ ಎರಡೂ ಕೈ ಬಾಯಿಗೆ ಅಡ್ಡ ಇಟ್ಟುಕೊಂಡರು. “ಅಯ್ಯ ಶಿವನ. ಒಂದ್ ಹೆಣ್ಮಗಳನ್ನ ಕೊಂದೇ ಬಿಟ್ಟಿದ್ನಲ್ರಿ.”

ಎಲ್ಲರೂ ನಗುತ್ತಿದ್ದಾಗ ಕಾಂತಿ ಆ ಎರಡು ಮಾತುಗಳನ್ನೇ ಒಳಗೆ ತಿರುಗಿಸಿ ನೋಡುತ್ತಿದ್ದಳು. ತುಳು ಅವಳ ಮನೆಮಾತೇ. ಆದರೆ ಅವಳು ಬಿಟ್ಟು ಹೊರಟಾಗ ವಿಸ್ಮಿತಾ ಅವಳನ್ನು ಮಮ್ಮಿ ಎನ್ನುತ್ತಿದ್ದಳು. ಅಪ್ಪೆ ಎನ್ನುವುದು ಅಜ್ಜಿಯ ಬಾಯಿಯ ಶಬ್ದ. ಈ ದಿನಗಳಲ್ಲಿ ಎಲ್ಲೋ ಮಗುವಿನ ಬಾಯಲ್ಲಿ ತನ್ನ ಹೆಸರೇ ಬದಲಾಗಿತ್ತು, ತನಗೆ ತಿಳಿದಿರಲಿಲ್ಲ. ಮಗು ತನ್ನನ್ನು ಸಾಯಿಸಿರಲಿಲ್ಲ. ದಿನಾ ಸಂಜೆ ಅಜ್ಜಿ ಹೇಳಿದ್ದನ್ನು ನಂಬಿ, ಕೇಳಿದವರಿಗೆಲ್ಲ ಅದನ್ನೇ ಹೇಳಿತ್ತು.

ಏನಾದರೂ ಆಗಬೇಕಿತ್ತು ಒಳಗೆ. ಅವಳು ಕಾದಳು. ದವಡೆ ದವಡೆಯ ಹಾಗೇ ಇತ್ತು.

ನಗು ಇಳಿದ ಮೇಲೆ ಅಧ್ಯಕ್ಷೆ ಕನ್ನಡಕ ಹಾಕಿಕೊಂಡರು. ಸ್ವರವೂ ಬದಲಾಯಿತು.

“ಸರಿ. ನಿಮ್ಮನ್ನು ಕರೀಬೇಕಿತ್ತು, ಕರೀಲಿಲ್ಲ. ಅದು ನಮ್ಮ ತಪ್ಪು. ಈಗ ಹೇಳಿ. ಮಗುವನ್ನು ಬಿಟ್ಟು ಹೋದದ್ದು ಯಾಕೆ?”

“ಕೆಲಸ ಸಿಕ್ಕಿತ್ತು.”

“ಕೆಲಸ ಇದ್ದವರೆಲ್ಲ ಮಕ್ಕಳನ್ನು ಬಿಡ್ತಾರಾ? ಮೂಡುಬಿದಿರೆ ಏನು ದುಬೈಯಾ? ದಿನಾ ಹೋಗಿ ಬರಬಹುದು.”

ಬದಿಯಲ್ಲಿದ್ದ ಗಂಡಸು ಸದಸ್ಯರೊಬ್ಬರು ಪಕ್ಕದವರಿಗೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, “ಮುಖ ನೋಡಿ, ಒಂದು ಚೂರು ಭಾವನೆ ಇಲ್ಲ,” ಎಂದರು.

ಜಸೀಲಾ ಮೇಜಿನ ಕೆಳಗೆ ಕಾಂತಿಯ ಪಾದವನ್ನು ಒತ್ತಿದರು. ಅಳಬೇಕಾದ ಜಾಗ ಇದು ಎಂದು ಕಾಂತಿಗೆ ಗೊತ್ತಾಯಿತು. ಸುಳ್ಳು ಹೇಳಲೂ ಒಂದಿಷ್ಟು ಜೀವ ಬೇಕು. ಅಷ್ಟೂ ಅವಳಲ್ಲಿ ಇರಲಿಲ್ಲ.

“ಅವರು ಹೇಳಿದ್ದು ಸರಿ,” ಎಂದಳು. “ಗಂಡ ಹೋದ ಮೇಲೆ ಮಗುವನ್ನು ನೋಡಿದರೆ ನನಗೆ ಏನೂ ಆಗ್ತಿರಲಿಲ್ಲ. ಅವಳ ಮುಖ ಅವರ ಹಾಗೆಯೇ ಉಂಟು. ಆದರೂ ಏನೂ ಆಗ್ತಿರಲಿಲ್ಲ. ಅದು ಅವಳಿಗೆ ಗೊತ್ತಾಗಬಾರದು ಅಂತ ದೂರ ಹೋದೆ.”

ಜಸೀಲಾರ ಪಾದ ಈಗ ಒತ್ತುವುದನ್ನು ಬಿಟ್ಟು ತುಳಿಯತೊಡಗಿತ್ತು.

“ಈಗ?” ಎಂದರು ಅಧ್ಯಕ್ಷೆ.

“ಈಗಲೂ ಹೆಚ್ಚು ವ್ಯತ್ಯಾಸ ಇಲ್ಲ. ಆದರೆ 'ಅಮ್ಮ ಇಲ್ಲ' ಅನ್ನುವುದಕ್ಕಿಂತ ಇಂಥವಳಾದರೂ ಇದ್ದಾಳೆ ಅನ್ನುವುದು ವಾಸಿ ಅಂತ ಕಾಣ್ತದೆ. ಊಟ ಹಾಕ್ತೇನೆ. ಗಂಜಿಗೆ ಬೆಲ್ಲ ಬೇಕಂತೆ, ತಂದಿಟ್ಟಿದ್ದೇನೆ. ತಲೆ ಬಾಚ್ತೇನೆ. ಶಾಲೆಗೆ ಕಳಿಸ್ತೇನೆ. ಕೆಲಸಕ್ಕೆ ಹೋದಾಗ ಮನೆಯ ಯಜಮಾನ್ತಿ ಸಫಿಯಮ್ಮ ಇರ್ತಾರೆ. ಬೀಗ ಹಾಕುವುದಿಲ್ಲ.”

ಗಂಡಸು ಸದಸ್ಯರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಚಹಾದ ಹೆಂಗಸು ಖಾಲಿ ತಟ್ಟೆ ಹಿಡಿದುಕೊಂಡು ಬಾಗಿಲಿನಲ್ಲೇ ನಿಂತಿದ್ದಳು.

“ಮಗುವನ್ನು ಕರೀರಿ,” ಎಂದರು ಅಧ್ಯಕ್ಷೆ.

ವಿಸ್ಮಿತಾಳನ್ನು ಬಿರಾದಾರ ಮೇಡಂ ಕೈಹಿಡಿದು ಕರೆತಂದರು. ಉದ್ದವಾಗಿದ್ದಳು. ಎದುರಿನ ಒಂದು ಹಲ್ಲು ಬಿದ್ದಿತ್ತು. ಎಡಗೈಯಲ್ಲಿ ಸುಟ್ಟ ಕಲೆ ವಾಸಿಯಾಗಿ, ಹೊಸ ಚರ್ಮ ಹೊಳೆಯುತ್ತಿತ್ತು. ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದವಳು ಕಾಂತಿಯನ್ನು ಕಂಡು ನಿಂತುಬಿಟ್ಟಳು. ಓಡಿ ಬರಲಿಲ್ಲ, ಅಳಲೂ ಇಲ್ಲ. ಅದೂ ತಾಯಿಯ ಹಾಗೆಯೇ.

ಅಧ್ಯಕ್ಷೆ ತುಳುವಿಗೆ ತಿರುಗಿದರು. “ಬಾಲೇ, ಮೇರ್ ಏರ್?” ಇವರು ಯಾರು ಎಂದು.

“ಅಪ್ಪೆ,” ಎಂದಳು ವಿಸ್ಮಿತಾ.

ಬಿರಾದಾರ ಮೇಡಂ ತುಟಿಯಲ್ಲೇ, “ಅಪ್ಪೆ ಅಂದ್ರ ಅವ್ವ,” ಎಂದು ಹೇಳಿಕೊಂಡರು.

ಮಗು ಇನ್ನೂ ಕಾಂತಿಯನ್ನೇ ನೋಡುತ್ತಿತ್ತು, ಏನೋ ಲೆಕ್ಕ ಸರಿಹೋಗದವರ ಹಾಗೆ. ಕೊನೆಗೆ ಕೇಳಿತು:

“ಬೇಲೆ ಮುಗಿಂಡಾ?”

ಕೆಲಸ ಮುಗಿಯಿತಾ ಎಂದು. ಅದರಲ್ಲಿ ದೂರು ಇರಲಿಲ್ಲ. ಸಂಜೆ ಮನೆಗೆ ಬಂದವರನ್ನು ಯಾರಾದರೂ ಕೇಳುವ ಹಾಗೆ ಇತ್ತು.

“ಮುಗಿಂಡ್,” ಎಂದಳು ಕಾಂತಿ. ಸ್ವರ ಎಂದಿನ ಹಾಗೇ ಬಂತು. ಕುರ್ಚಿಯ ಅಂಚನ್ನು ಹಿಡಿದಿದ್ದ ಬೆರಳುಗಳು ಮಾತ್ರ ಬಿಳಿಚಿಕೊಂಡಿದ್ದವು. ಅದನ್ನು ಜಸೀಲಾ ನೋಡಿದರು, ಅವಳು ನೋಡಲಿಲ್ಲ.

ಅವರನ್ನು ಹೊರಗೆ ಕೂರಿಸಿ ಸಮಿತಿ ತುಂಬ ಹೊತ್ತು ಮಾತಾಡಿತು. ಮತ್ತೆ ಕರೆದಾಗ ಅಧ್ಯಕ್ಷೆ ಬರೆದದ್ದನ್ನು ಓದದೆ ಬಾಯಲ್ಲೇ ಹೇಳಿದರು. ಮಗು ತಾಯಿಯ ಜೊತೆ ಹೋಗಬಹುದು. ಮೊದಲು ಯಾರಾದರೂ ಹೋಗಿ ಆ ರೂಮು ನೋಡಿ ಬರಬೇಕು, ಅಲ್ಲಿಯ ತನಕ ವಸತಿಮನೆಯಲ್ಲೇ ಇರಲಿ. ತಾಯಿ ದಿನಾ ಹೋಗಿ ನೋಡಲಿ. ಆಮೇಲೂ ಒಂದು ವರ್ಷ ಬಿರಾದಾರ ಮೇಡಂ ಮನೆಗೆ ಬಂದು ವಿಚಾರಿಸುತ್ತಾರೆ. ಕಾಂತಿ ಒಬ್ಬ ಡಾಕ್ಟರನ್ನು ಕಾಣಬೇಕು.

“ಯಾವ ಡಾಕ್ಟರ್?” ಎಂದಳು ಕಾಂತಿ.

“ನಿಮಗೇ ಗೊತ್ತುಂಟು ಯಾವ ಡಾಕ್ಟರ್,” ಎಂದರು ಅಧ್ಯಕ್ಷೆ. “ಮತ್ತೆ, ಹಕ್ಕು ಉಂಟು ಅಂತ ಕೊಟ್ಟದ್ದಲ್ಲ ನಾವು. ಬೆಲ್ಲ ತಂದಿಟ್ಟಿದ್ದೇನೆ ಅಂದ್ರಲ್ಲ, ಅದಕ್ಕೆ.”

ಮೆಟ್ಟಿಲಿಳಿಯುವಾಗ ಬಿರಾದಾರ ಮೇಡಂ ಹಿಂದೆ ಹಿಂದೆ ಬಂದರು. “ಸಿಟ್ಟಾಗಬ್ಯಾಡ್ರಿ ಬಾಯಾರ. ನಾ ನಿಮ್ಮನಿಗೆ ಬರೋದ್ರಾಗ ತುಳು ಕಲಿತೀನ್ರಿ.”

“ನಿಧಾನ ಕಲೀರಿ,” ಎಂದರು ಜಸೀಲಾ. “ಇನ್ನೂ ಇಂಥದ್ದು ಬೇಕಾದಷ್ಟು ಉಂಟು.”

ರೂಮು ನೋಡಲು ಬಂದವರಿಗೆ ಸಫಿಯಮ್ಮ ಪತ್ತಿರ್ ಎಂಬ ಅಕ್ಕಿರೊಟ್ಟಿ ಮತ್ತು ಮೀನು ಸಾರು ಬಡಿಸಿ, ಮಾತಿಗೆ ಮೊದಲೇ ಒಪ್ಪಿಸಿಬಿಟ್ಟರು. ವಿಸ್ಮಿತಾ ಗದ್ದೆ ದಾಟಿ ಬಂದಳು, ಅದೇ ಶಾಲೆಯ ಬ್ಯಾಗಿನ ಸಮೇತ. ಮೊದಲ ದಿನ ಕೋಣೆಯ ಬಾಗಿಲನ್ನು ಒಳಗಿನಿಂದ, ಹೊರಗಿನಿಂದ ಎರಡು ಮೂರು ಸಲ ತೆಗೆದು ಹಾಕಿ ನೋಡಿದಳು. ಕಾಂತಿ ಯಾಕೆಂದು ಕೇಳಲಿಲ್ಲ. ಗಂಜಿಗೆ ಬೆಲ್ಲ ಹಾಕಿ ಕೊಟ್ಟಳು. ಮಗು ತಿಂದಿತು, ಬೆರಳು ನೆಕ್ಕಿ, ಅಂಟುವ ಕೈಯನ್ನೇ ತಾಯಿಯ ತೊಡೆಯ ಮೇಲಿಟ್ಟು ಮಲಗಿತು. ಸೀರೆಗೆ ಬೆಲ್ಲ ಮೆತ್ತಿತು. ಕಾಂತಿ ಕೈಯನ್ನು ತೆಗೆಯಲಿಲ್ಲ. ಅದರ ಭಾರ ಎಷ್ಟು ಎಂದು ಮಾತ್ರ ನೋಡುತ್ತ ಕೂತಳು.

ಸೋಮವಾರ ಬೆಳಿಗ್ಗೆ ಕಾಲೇಜಿತ್ತು. ಶಾಲೆಯ ವ್ಯಾನು ಬರುವುದು ಸ್ವಲ್ಪ ತಡ. ಅಲ್ಲಿಯ ತನಕ ಮಗು ಸಫಿಯಮ್ಮನ ಹತ್ತಿರ. ಕಾಂತಿ ಚಪ್ಪಲಿ ಮೆಟ್ಟಿಕೊಳ್ಳುವುದನ್ನು ವಿಸ್ಮಿತಾ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಬೀಗ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಮಗುವಿನ ಕಣ್ಣು ಒಮ್ಮೆ ಬೀಗದ ಮೇಲೆ, ಒಮ್ಮೆ ತಾಯಿಯ ಕೈಯ ಮೇಲೆ. ಕಾಂತಿ ಬ್ಯಾಗು ಹೆಗಲಿಗೆ ಹಾಕಿಕೊಂಡು, ಬರ್ತೇನೆ ಎಂದು ಅಂಗಳ ದಾಟಿದಳು.

ಗೇಟಿನ ಹತ್ತಿರ ಹಿಂದಿನಿಂದ ಮಾತು ಕೇಳಿತು. ಸಫಿಯಮ್ಮ ಕೈಯಲ್ಲಿ ಸೌಟು ಹಿಡಿದು ಹಿತ್ತಿಲಿನಿಂದ ಬಂದಿದ್ದರು.

“ನಿನ್ನ ಅಪ್ಪೆ ಓಲು?” ನಿನ್ನ ಅಮ್ಮ ಎಲ್ಲಿ ಎಂದು.

“ಅಪ್ಪೆ ಬೇಲೆಗ್ ಪೋತೆರ್.”

“ಏಪ ಬರ್ಪೆರ್?” ಯಾವಾಗ ಬರುತ್ತಾರೆ?

ಅದಕ್ಕೆ ಉತ್ತರ ಬರಲು ತಡವಾಯಿತು. ರಸ್ತೆಯಲ್ಲಿ ಮೂಡುಬಿದಿರೆಯ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತ್ತು. ಕಾಂತಿ ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಬಸ್ಸು ಬಂದು, ಅವಳಿಗಾಗಿ ನಿಂತು, ಕಂಡಕ್ಟರ್ ವಿಸಿಲ್ ಊದಿ, ಹೊರಟುಹೋಯಿತು. ಇನ್ನೊಂದು ಬರುತ್ತದೆ.

“ಬಯ್ಯಗ್,” ಎಂದಿತು ಮಗು. ಸಂಜೆಗೆ.

ಆಮೇಲೆ ಕಾಂತಿ ಗೇಟು ತೆರೆದು ಹೊರಗೆ ಬಂದಳು.